ಅಂಗಡಿಯೂ ನಡೆಯಬೇಕು, ಮನೆಯೂ ನಡೆಯಬೇಕು: ಮುಂಬಯಿಯ ಸಣ್ಣ ವ್ಯಾಪಾರಿ ಕುಟುಂಬಗಳಿಗೆ ಹಂತ ಹಂತದ ಮಾರ್ಗದರ್ಶಿ

ಡೊಂಬಿವಲಿ ಪೂರ್ವದಲ್ಲಿ ನಮ್ಮದೊಂದು ತಿಂಡಿ ಅಂಗಡಿ ಇದೆ. ಬೆಳಿಗ್ಗೆ ಇಡ್ಲಿ, ದೋಸೆ, ಉಪ್ಪಿಟ್ಟು. ಸಂಜೆ ಬಟಾಟೆ ವಡೆ, ಗೋಳಿಬಜೆ. ನಾನು, ನಮ್ಮ ಯಜಮಾನರು, ಜೊತೆಗೆ ಇಬ್ಬರು ಕೆಲಸದವರು. ಊರಿನಿಂದ ಬಂದು ಇಲ್ಲಿ ಸಣ್ಣ ವ್ಯಾಪಾರ ಮಾಡುತ್ತಿರುವವರು, ಅಂದರೆ ಕಲ್ಯಾಣದಲ್ಲಿ ಹೊಲಿಗೆ ಅಂಗಡಿ ಇಟ್ಟವರು, ಥಾಣೆಯಲ್ಲಿ ಸ್ಟೇಷನರಿ ಮಾರುವವರು, ಮನೆಯಿಂದಲೇ ಊಟದ ಡಬ್ಬಾ ಕಳಿಸುವ ಅಕ್ಕಂದಿರು, ಮದುವೆ ಮುಂಜಿಗಳಲ್ಲಿ ಸಿಕ್ಕಾಗ ಒಂದೇ ಮಾತು ಹೇಳುತ್ತಾರೆ: "ಭಾನುವಾರ ಅಂಗಡಿ ಮುಚ್ಚೋಣ ಎಂದು ಶುರು ಮಾಡಿದೆವು, ಮೂರನೇ ವಾರಕ್ಕೆ ನಿಂತುಹೋಯಿತು." ನಮ್ಮಲ್ಲೂ ಎರಡು ಸಲ ಹೀಗೆಯೇ ಆಯಿತು. ಮನಸ್ಸು ಗಟ್ಟಿಯಿಲ್ಲ ಎಂದು ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಕೆಟ್ಟಿರುವುದು ಕೆಲಸದ ಕ್ರಮ. ಕೊನೆಗೆ ಮಾಡಬೇಕಾದ ರಜೆಯನ್ನು ಎಲ್ಲರೂ ಮೊದಲು ಮಾಡುತ್ತಾರೆ. ಮಾಲೀಕರು ಇಲ್ಲದೆ ನಾಲ್ಕು ಗಂಟೆಯೂ ನಡೆಯದ ಅಂಗಡಿಗೆ ರಜೆ ಎಂಬುದು ಬರೀ ನಷ್ಟದ ದಿನ, ಆ ನಷ್ಟವನ್ನು ಹೆಚ್ಚು ವಾರ ಯಾರೂ ತಡೆದುಕೊಳ್ಳುವುದಿಲ್ಲ.

ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಮುಗಿಯದೆ ಮುಂದಿನದಕ್ಕೆ ಕೈ ಹಾಕಬೇಡಿ.

ಶುರುವಿಗೆ ಮೊದಲು

ಬೇಕಾದ ಸಾಮಾನು ಹೆಚ್ಚೇನಿಲ್ಲ. 200 ಪುಟದ ಎರಡು ನೋಟುಪುಸ್ತಕ, ಅಡುಗೆಮನೆಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಲು ಒಂದು ದೊಡ್ಡ ಗೋಡೆ ಕ್ಯಾಲೆಂಡರ್, ವ್ಯಾಪಾರಕ್ಕೆಂದೇ ಒಂದು ಬ್ಯಾಂಕ್ ಖಾತೆ, ಆ ಖಾತೆಗೇ ಸೇರಿದ ಯುಪಿಐ ಕ್ಯೂಆರ್ ಫಲಕ, ಹಣ ಬಂದದ್ದನ್ನು ಕೂಗಿ ಹೇಳುವ ಸೌಂಡ್ ಬಾಕ್ಸ್, ಅಂಗಡಿಯ ಬೀಗಕ್ಕೆ ಎರಡನೇ ಕೀಲಿ ಗೊಂಚಲು.

ಸಮಯ ಮೂರು ತಿಂಗಳು ಹಿಡಿಯುತ್ತದೆ. ಗಣೇಶ ಚತುರ್ಥಿಯಿಂದ ದೀಪಾವಳಿಯವರೆಗಿನ ಭರಾಟೆಯಲ್ಲಿ ಖಂಡಿತ ಶುರು ಮಾಡಬೇಡಿ. ಸ್ಟೇಷನರಿ, ಸಮವಸ್ತ್ರದ ವ್ಯಾಪಾರದವರು ಶಾಲೆ ತೆರೆಯುವ ಜೂನ್ ತಿಂಗಳನ್ನೂ ಬಿಡಬೇಕು. ದೀಪಾವಳಿ ಕಳೆದ ಮೇಲಿನ ವಾರಗಳು ಹೆಚ್ಚಿನವರಿಗೆ ಹೊಂದುತ್ತವೆ.

ಹಂತ 1: ಹದಿನಾಲ್ಕು ದಿನ ಗಂಟೆ ಬರೆಯಿರಿ

ಮೊದಲ ಪುಸ್ತಕದಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿ: ಹೊತ್ತು, ಯಾರು, ಏನು ಕೆಲಸ. ಅಂಗಡಿಯದ್ದೂ ಬರೆಯಬೇಕು, ಮನೆಯದ್ದೂ ಬರೆಯಬೇಕು. ರಾತ್ರಿ ಉದ್ದು ನೆನೆಹಾಕುವುದು, ಹಿಟ್ಟು ರುಬ್ಬುವುದು, ಕೆಲಸದವರ ಏಪ್ರನ್ ಒಗೆಯುವುದು, ಊಟದ ನಡುವೆ ಎದ್ದು ಮಾಲಿನವನಿಗೆ ಫೋನು ಮಾಡುವುದು, ಮಗುವನ್ನು ಟ್ಯೂಷನ್ನಿಗೆ ಬಿಟ್ಟು ಬರುವುದು, ಎಲ್ಲವೂ.

ಸಾಮಾನ್ಯ ತಪ್ಪು: ರಾತ್ರಿ ಮಲಗುವ ಮುನ್ನ ನೆನಪಿನಿಂದ ಬರೆಯುವುದು. ನೆನಪಿಗೆ ದೊಡ್ಡ ಕೆಲಸಗಳಷ್ಟೇ ಬರುತ್ತವೆ, ಹತ್ತು ಹತ್ತು ನಿಮಿಷದ ಚೂರುಗಳು ತಪ್ಪಿಹೋಗುತ್ತವೆ. ಪುಸ್ತಕ ಗಲ್ಲಾದ ಪಕ್ಕದಲ್ಲೇ ಇರಲಿ. ಮನೆಯಲ್ಲಿದ್ದಾಗ ಮೊಬೈಲಿನಲ್ಲಿ ಧ್ವನಿ ಟಿಪ್ಪಣಿ ಮಾಡಿಟ್ಟು ಆಮೇಲೆ ಬರೆದುಕೊಳ್ಳಿ.

ನಮ್ಮ ಮನೆಯಲ್ಲಿ ಇದನ್ನು ಬರೆದಾಗ ಯಜಮಾನರ ದಿನ ಹದಿಮೂರು ಗಂಟೆಯದ್ದು, ನನ್ನದು ಹದಿನೈದು ಎಂದು ಬಂತು. ಅವರು ಪುಸ್ತಕವನ್ನು ಎರಡು ಸಲ ತಿರುವಿ ನೋಡಿದರು. ಹನ್ನೊಂದು ವರ್ಷ ಒಂದೇ ಅಂಗಡಿಯಲ್ಲಿ ಅಕ್ಕಪಕ್ಕ ನಿಂತು ದುಡಿದ ನಮಗಿಬ್ಬರಿಗೂ ಆ ಅಂಕಿ ಗೊತ್ತಿರಲಿಲ್ಲ. ಅಂದಿನವರೆಗೆ ನಡೆಯುತ್ತಿದ್ದ ಅರ್ಧ ಜಗಳ ಅಲ್ಲಿಗೇ ನಿಂತಿತು.

ಅದೇ ಪುಸ್ತಕದ ಹಿಂಬದಿಯಲ್ಲಿ ಪ್ರತಿ ಎರಡು ಗಂಟೆಯ ವ್ಯಾಪಾರವನ್ನೂ ಬರೆಯಿರಿ. ನಮ್ಮಲ್ಲಿ ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆಯ ಒಳಗೆ ಆಗುತ್ತಿದ್ದ ವ್ಯಾಪಾರ ಸುಮಾರು 350 ರೂಪಾಯಿ. ಮಾಲಿನ ಖರ್ಚು ಅರ್ಧ ಕಳೆದರೆ ಕೈಗೆ 175. ಅಷ್ಟಕ್ಕಾಗಿ ನಾವಿಬ್ಬರೂ ಫ್ಯಾನಿನ ಕೆಳಗೆ ಕುಳಿತಿರುತ್ತಿದ್ದೆವು, ಅದೇ ಹೊತ್ತಿಗೆ ಮಗಳು ಶಾಲೆಯಿಂದ ಬಂದು ಖಾಲಿ ಮನೆಯ ಬೀಗ ತೆಗೆಯುತ್ತಿದ್ದಳು. ನಿಮ್ಮ ಅಂಗಡಿಯಲ್ಲೂ ಇಂಥ ಎರಡು ಗಂಟೆ ಇದ್ದೇ ಇರುತ್ತವೆ. ಅವನ್ನು ಕೆಂಪು ಪೆನ್ನಿನಿಂದ ಗುರುತು ಮಾಡಿ, ನಾಲ್ಕನೇ ಹಂತದಲ್ಲಿ ಬೇಕಾಗುತ್ತವೆ.

ಹಂತ 2: ಅಂಗಡಿಯ ಹಣ, ಮನೆಯ ಹಣ ಬೇರೆ ಮಾಡಿ

ಕುಟುಂಬದ ಮಾತಿನಲ್ಲಿ ಲೆಕ್ಕಪತ್ರ ಯಾಕೆ ಬಂತು ಎನ್ನಿಸಬಹುದು. ಇನ್ನೊಬ್ಬ ಕೆಲಸದವರನ್ನು ಇಟ್ಟುಕೊಳ್ಳಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿಯೇ. ತರಕಾರಿಗೂ ಶಾಲೆಯ ಫೀಸಿಗೂ ಭಿಶಿ (ಚೀಟಿ ಹಣ) ಕಂತಿಗೂ ಗಲ್ಲಾದಿಂದಲೇ ಕೈಗೆ ಸಿಕ್ಕಷ್ಟು ತೆಗೆಯುವ ಮನೆಯಲ್ಲಿ ಆ ಉತ್ತರ ಎಂದಿಗೂ ಸಿಗದು.

ತಿಂಗಳ ಒಂದನೇ ತಾರೀಕು ವ್ಯಾಪಾರದ ಖಾತೆಯಿಂದ ಮನೆಯ ಖಾತೆಗೆ ಗೊತ್ತುಮಾಡಿದ ಮೊತ್ತ ಹಾಕಿ. ಅದು ಮಾಲೀಕರ ಸಂಬಳ. ಉಳಿದ ದಿನ ಗಲ್ಲಾದಿಂದ ಮನೆಗೆ ಒಂದು ರೂಪಾಯಿಯೂ ಹೋಗಬಾರದು. ಮೊದಲ ತಿಂಗಳು ಕಷ್ಟವಾಗುತ್ತದೆ. ಹದಿನೈದನೇ ತಾರೀಕಿಗೇ ಮನೆಯ ಖಾತೆ ಬರಿದಾದರೆ ಮುಂದಿನ ತಿಂಗಳ ಸಂಬಳ ಹೆಚ್ಚಿಸಿ, ಆದರೆ ಗಲ್ಲಾಕ್ಕೆ ಕೈ ಹಾಕಬೇಡಿ.

ಲೆಕ್ಕ ಹೀಗೆ ಮಾಡಿ. ಉದಾಹರಣೆಗೆ ದಿನಕ್ಕೆ 6,000 ರೂಪಾಯಿ ವ್ಯಾಪಾರ, ತಿಂಗಳಿಗೆ 26 ದಿನ ಎಂದರೆ 1,56,000. ಮಾಲಿಗೆ 70,000, ಬಾಡಿಗೆ 25,000, ಇಬ್ಬರ ಸಂಬಳ 28,000, ಗ್ಯಾಸ್ ಮತ್ತು ವಿದ್ಯುತ್ತಿಗೆ 12,000 ಹೋದರೆ ಉಳಿಯುವುದು 21,000. ಈಗ ಹೆಂಡತಿ ದಿನಕ್ಕೆ ಐದು ಗಂಟೆ ಮಾಡುವ ಕೆಲಸವನ್ನು ಹೊರಗಿನವರಿಂದ ಮಾಡಿಸಿದ್ದರೆ ತಿಂಗಳಿಗೆ 9,000 ಕೊಡಬೇಕಾಗಿತ್ತು ಎಂದಿಟ್ಟುಕೊಳ್ಳಿ. ಹಾಗಾದರೆ ಅಂಗಡಿಯ ನಿಜವಾದ ಉಳಿತಾಯ 12,000 ಮಾತ್ರ. ಉಳಿದದ್ದು ಅವಳ ದುಡಿಮೆ. ಅದನ್ನು ಲಾಭ ಎಂದು ಬರೆಯುವುದು ತಪ್ಪು ಲೆಕ್ಕ, ಅನ್ಯಾಯದ ಲೆಕ್ಕವೂ ಹೌದು. ಆ 9,000 ಪ್ರತಿ ತಿಂಗಳು ಅವಳ ಹೆಸರಿನ ಖಾತೆಗೆ ಹೋಗಲಿ.

ಹಂತ 3: ಗಲ್ಲಾವನ್ನು ಇನ್ನೊಬ್ಬರ ಕೈಗೆ ಕೊಡುವುದನ್ನು ಕಲಿಯಿರಿ

ಹೆಚ್ಚಿನವರು ಬಿದ್ದುಹೋಗುವುದು ಇಲ್ಲಿ. ಒಲೆಯ ಮುಂದೆ ನಿಲ್ಲಲು ಜನ ಸಿಗುತ್ತಾರೆ, ತಟ್ಟೆ ತೊಳೆಯಲು ಸಿಗುತ್ತಾರೆ. ಹಣದ ಮುಂದೆ ಮಾತ್ರ ನಾವೇ ಕೂರಬೇಕು ಎಂಬ ನಂಬಿಕೆ ನಮ್ಮಲ್ಲಿ ರಕ್ತಗತ. ಗಲ್ಲಾ ಬಿಟ್ಟು ಏಳಲಾಗದವರಿಗೆ ಮಗಳ ಶಾಲೆಯ ಪೋಷಕರ ಸಭೆಯೂ ಇಲ್ಲ, ಅತ್ತೆಯ ಕಣ್ಣಿನ ಆಪರೇಷನ್ನಿಗೆ ಜೊತೆಗಿರುವುದೂ ಇಲ್ಲ.

ಮೊದಲು ಅಂಗಡಿಯನ್ನು ಸಿದ್ಧಮಾಡಿ. ಬೆಲೆಪಟ್ಟಿ ಗೋಡೆಯ ಮೇಲಿರಲಿ, ಯಾರ ತಲೆಯೊಳಗೂ ಇರಬಾರದು. ಬೆಳಿಗ್ಗೆ ಗಲ್ಲಾದಲ್ಲಿ ಇಡುವ ಚಿಲ್ಲರೆ ದಿನವೂ ಒಂದೇ ಮೊತ್ತ, ಹೇಳುವುದಾದರೆ 1,000 ರೂಪಾಯಿ. ಅಂಗಡಿಯಲ್ಲಿ ನಮ್ಮ ಖಾತೆಯ ಒಂದೇ ಕ್ಯೂಆರ್ ಫಲಕ ಇರಬೇಕು. ವಾರಕ್ಕೊಮ್ಮೆ ನಿಮ್ಮ ಮೊಬೈಲಿನಿಂದಲೇ ಒಂದು ರೂಪಾಯಿ ಹಾಕಿ, ಯಾರ ಹೆಸರು ಬರುತ್ತದೆ ನೋಡಿ. ಫಲಕದ ಮೇಲೆ ಬೇರೆಯವರ ಕ್ಯೂಆರ್ ಅಂಟಿಸಿ ಹಣ ಹೊಡೆಯುವುದು ಎಲ್ಲೆಡೆ ನಡೆಯುವ ಮೋಸ. ಸೌಂಡ್ ಬಾಕ್ಸ್ ಇದ್ದರೆ ಹಣ ಬಂತೇ ಎಂದು ನೋಡಲು ಮಾಲೀಕರ ಮೊಬೈಲು ಬೇಕಿಲ್ಲ, ಅಂದರೆ ಮಾಲೀಕರೂ ಬೇಕಿಲ್ಲ.

ಆಮೇಲೆ ಜನರನ್ನು ಸಿದ್ಧಮಾಡಿ. ಇರುವವರಲ್ಲೇ ಹಳಬರನ್ನು ಆರಿಸಿ. ಊರಿನಿಂದ ಅಣ್ಣನ ಮಗನನ್ನೋ ಮೈದುನನನ್ನೋ ಕರೆಸಿ, ಮನೆಯಲ್ಲೇ ಮಲಗಿಸಿ, ಗಲ್ಲಾದಲ್ಲಿ ಕೂರಿಸುವುದು ನಮ್ಮಲ್ಲಿ ರೂಢಿ. ನಾನು ಅದಕ್ಕೆ ವಿರೋಧಿ. ಲೆಕ್ಕದಲ್ಲಿ ನೂರು ರೂಪಾಯಿ ಕಡಿಮೆ ಬಂದ ದಿನ ಅವನನ್ನು ಕೇಳುವ ಹಾಗಿಲ್ಲ, ಕೇಳದಿರುವ ಹಾಗೂ ಇಲ್ಲ. ಆ ಮಾತು ಊರಿನ ಚಾವಡಿಯವರೆಗೆ ಹೋಗುತ್ತದೆ. ಸಂಬಂಧಿಕರನ್ನೇ ಇಟ್ಟುಕೊಳ್ಳುವುದಾದರೆ ಸಂಬಳ, ರಜೆ, ಮಲಗುವ ಜಾಗ ಮೂರನ್ನೂ ಮೊದಲ ದಿನವೇ ಹಿರಿಯರ ಎದುರಿಗೆ ಮಾತಾಡಿ ಮುಗಿಸಿ.

ಕಲಿಸಲು ನಾಲ್ಕು ವಾರ ಬೇಕು. ಮೊದಲ ವಾರ ಅವರು ಕೂರಲಿ, ನೀವು ಪಕ್ಕದಲ್ಲಿ ನಿಂತಿರಿ. ಎರಡನೇ ವಾರ ದಿನಕ್ಕೆ ಒಂದು ಗಂಟೆ ಹೊರಗೆ ಹೋಗಿ, ಅದೇ ಬೀದಿಯಲ್ಲಿರಿ. ಮೂರನೇ ವಾರ ಕೆಂಪು ಪೆನ್ನಿನ ಆ ಎರಡು ಗಂಟೆ ಮನೆಗೆ ಹೋಗಿ. ನಾಲ್ಕನೇ ವಾರ ಒಂದು ಸಂಜೆ ಪೂರ್ತಿ ಬಿಟ್ಟುಕೊಡಿ, ಗಿರಾಕಿಗಳ ಗದ್ದಲ ಇರುವ ಸಂಜೆಯನ್ನೇ.

ಹೋಗುವ ಮುನ್ನ ಎರಡು ಮಾತು ಸ್ಪಷ್ಟವಾಗಿರಲಿ. ನಿಮ್ಮನ್ನು ಕೇಳದೆ ಅವರು ಎಷ್ಟು ಖರ್ಚು ಮಾಡಬಹುದು? ನಾವು 500 ಎಂದು ಇಟ್ಟಿದ್ದೇವೆ. ಹಾಲು ಒಡೆದರೆ, ನಿಂಬೆಹಣ್ಣು ಮುಗಿದರೆ ಫೋನು ಬರುವುದಿಲ್ಲ. ಇನ್ನೊಂದು, ನೀವಿಲ್ಲದಾಗ ಉದ್ರಿ ಇಲ್ಲ. ಯಾರಿಗೆ ಉದ್ರಿ ಕೊಡಬೇಕು, ಯಾರಿಗೆ ಬೇಡ ಎಂಬ ಮುಜುಗರವನ್ನು ಸಂಬಳದ ಮನುಷ್ಯನ ತಲೆಗೆ ಕಟ್ಟಬೇಡಿ.

ಮರಳಿ ಬಂದ ಮೇಲೆ ಇಬ್ಬರೂ ಸೇರಿ ಎಣಿಸಿ: ನಗದು, ಯುಪಿಐ, ಖರ್ಚಿನ ಚೀಟಿ ಕೂಡಿಸಿ, ಬೆಳಗಿನ ಚಿಲ್ಲರೆ ಕಳೆದರೆ ಬಿಲ್ಲಿನ ಮೊತ್ತ ಬರಬೇಕು. ಚೀಟಿಗೆ ಇಬ್ಬರ ಸಹಿ. ಹತ್ತಿಪ್ಪತ್ತು ರೂಪಾಯಿ ಆಚೀಚೆಯಾದರೆ ಮಾತೆತ್ತಬೇಡಿ, ಬರೆದಿಡಿ. ನಾವೇ ಕುಳಿತಿದ್ದಾಗಲೂ ಅಷ್ಟು ತಪ್ಪುತ್ತಿತ್ತು, ಎಣಿಸುವವರಿರಲಿಲ್ಲ ಅಷ್ಟೆ. ಒಂದೇ ವಾರದಲ್ಲಿ ಮೂರು ಸಲ ಕಡಿಮೆಯೇ ಬಂದರೆ, ಅಥವಾ ಮಾಲು ಎಂದಿನಷ್ಟೇ ಖರ್ಚಾಗಿ ವ್ಯಾಪಾರ ಇಳಿದರೆ ಮಾತ್ರ ಕೂತು ಕೇಳಿ.

ಅಪಾಯದ ಸೂಚನೆ ನಿಮ್ಮ ಕಡೆಯಿಂದಲೂ ಬರಬಹುದು. ಹದಿನೈದು ನಿಮಿಷಕ್ಕೊಮ್ಮೆ ಫೋನು ಮಾಡುತ್ತಿದ್ದೀರಿ ಎಂದಾದರೆ ಗಲ್ಲಾವನ್ನು ನೀವಿನ್ನೂ ಕೊಟ್ಟಿಲ್ಲ. ಅದಕ್ಕಿಂತ ಕೆಟ್ಟದ್ದು ಸಿಸಿಟಿವಿ. ಊಟದ ತಟ್ಟೆಯ ಪಕ್ಕದಲ್ಲಿ ಮೊಬೈಲು ಒರಗಿಸಿಟ್ಟು ಅಂಗಡಿಯ ಚಿತ್ರ ನೋಡುತ್ತಾ ಉಣ್ಣುವ ಅಪ್ಪಂದಿರನ್ನು ನಾನು ಕಂಡಿದ್ದೇನೆ. ಮಗು ಏನೋ ಹೇಳುತ್ತಿರುತ್ತದೆ, ಅಪ್ಪನ ಕಣ್ಣು ಐದನೇ ನಂಬರಿನ ಮೇಜಿನ ಮೇಲೆ. ಕ್ಯಾಮೆರಾ ಇರಲಿ, ಕಳ್ಳತನವಾದರೆ ನೋಡಲು ಬೇಕು. ಮನೆಯಲ್ಲಿರುವ ಹೊತ್ತಿಗೆ ಆ ಆ್ಯಪ್ ತೆರೆಯುವುದಿಲ್ಲ ಎಂದು ಹೆಂಡತಿ ಮಕ್ಕಳ ಎದುರು ಮಾತು ಕೊಡಿ.

ಹಂತ 4: ಈಗ ಬಿಡುವು ಗೊತ್ತುಮಾಡಿ

ಭಾನುವಾರಕ್ಕೇ ಹಟ ಹಿಡಿಯಬೇಡಿ. ಡೊಂಬಿವಲಿಯಂಥ ಕಡೆ ಜನ ವಾರವಿಡೀ ಲೋಕಲ್ ರೈಲು ಹಿಡಿದು ದಾದರಿಗೋ ಫೋರ್ಟಿಗೋ ಕೆಲಸಕ್ಕೆ ಹೋಗಿರುತ್ತಾರೆ. ಮನೆಮಂದಿಯೆಲ್ಲ ತಿಂಡಿಗೆ ಬರುವುದು ಭಾನುವಾರ ಬೆಳಿಗ್ಗೆಯೇ. ಕಚೇರಿಗಳ ನಡುವೆ ಅಂಗಡಿ ಇರುವವರಿಗೆ ಭಾನುವಾರದ ರಜೆ ಸಲೀಸು, ವಸತಿ ಬಡಾವಣೆಯವರಿಗೆ ಅಲ್ಲ.

ಮಕ್ಕಳ ಶಾಲೆ ಬೆಳಗಿನ ಪಾಳಿಯೋ ಮಧ್ಯಾಹ್ನದ ಪಾಳಿಯೋ ನೋಡಿ, ಒಂದನೇ ಹಂತದ ಕೆಂಪು ಗಂಟೆಗಳನ್ನು ಅದರ ಪಕ್ಕದಲ್ಲಿಡಿ. ಎರಡೂ ಕೂಡುವ ಹೊತ್ತು ದಿನದ ಬಿಡುವು. ಗಂಡ ಹೆಂಡತಿ ಸರದಿಯಲ್ಲಿ ಹೋಗಿ. ಇದರ ಜೊತೆಗೆ ವಾರಕ್ಕೆ ಒಂದು ಸಂಜೆ ಇಬ್ಬರೂ ಮನೆಯಲ್ಲಿ. ನಮ್ಮದು ಮಂಗಳವಾರ. ಪೂರ್ತಿ ದಿನದ ರಜೆ ತಿಂಗಳಿಗೆ ಒಂದರಿಂದ ಶುರುಮಾಡಿ, ಮೂರು ತಿಂಗಳ ಲೆಕ್ಕ ನೋಡಿ ಎರಡಕ್ಕೆ ಏರಿಸಿ. ಮುಚ್ಚುವ ದಿನವನ್ನು ವಾರ ಮೊದಲೇ ಹಲಗೆಯ ಮೇಲೆ ಬರೆಯಿರಿ. ಹೇಳದೆ ಮುಚ್ಚಿದರೆ ಗಿರಾಕಿ ಪಕ್ಕದ ಅಂಗಡಿಯ ರುಚಿ ನೋಡುತ್ತಾನೆ.

ಕೆಲಸದವರ ರಜೆಯನ್ನು ಇದರೊಂದಿಗೇ ಹೊಂದಿಸಿ. ಅಂಗಡಿ ಮುಂಗಟ್ಟುಗಳ ಬಗ್ಗೆ ಮಹಾರಾಷ್ಟ್ರ 2017ರಲ್ಲಿ ಮಾಡಿದ ಕಾಯ್ದೆ ವರ್ಷದ 365 ದಿನವೂ ಬಾಗಿಲು ತೆರೆದಿಡಲು ಅವಕಾಶ ಕೊಟ್ಟಿದೆ, ಅದೇ ಕಾಯ್ದೆ ಹೆಚ್ಚು ಕೆಲಸಗಾರರಿರುವ ಅಂಗಡಿಗಳಲ್ಲಿ ಅವರಿಗೆ ವಾರಕ್ಕೊಂದು ರಜೆ ಎಂದೂ ಹೇಳುತ್ತದೆ, ಸಣ್ಣ ಅಂಗಡಿಯಲ್ಲೂ ಅದನ್ನೇ ಪಾಲಿಸಿ. ಕೆಲಸದವನ ರಜೆಯ ದಿನ ಆ ಜಾಗವನ್ನು ಮನೆಯ ಹೆಂಗಸು ತುಂಬುತ್ತಾಳೆ ಎಂದು ಯಾರೂ ಕೇಳದೆಯೇ ತೀರ್ಮಾನವಾಗಿರುತ್ತದೆ. ಹಾಗಾಗದಂತೆ ಆ ದಿನದ ತಿಂಡಿಯ ಪಟ್ಟಿಯನ್ನೇ ಕಡಿಮೆ ಮಾಡಿ. ನಾವು ಆ ದಿನ ದೋಸೆ ಹಾಕುವುದಿಲ್ಲ.

ಹಂತ 5: ಮನೆಗೆಲಸ ಹಂಚಿಕೆ

ವಾರದ ಆ ಸಂಜೆ ಇಪ್ಪತ್ತು ನಿಮಿಷ ಎಲ್ಲರೂ ಕೂತು ಮುಂದಿನ ವಾರವನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಮನೆಯಲ್ಲಿ ಅತ್ತೆ ಮಾವ ಇದ್ದರೆ ಅವರೂ ಕೂರಬೇಕು. ಅತ್ತೆಯವರನ್ನು ಕೇಳದೆ ಮಕ್ಕಳ ಜವಾಬ್ದಾರಿಯನ್ನು ಅವರ ಮೇಲೆ ಹಾಕಿ, ಆಮೇಲೆ ಅವರ ಮಂಡಿನೋವಿನ ದಿನ ಎಲ್ಲವೂ ಕುಸಿಯುವುದು ಎಷ್ಟೋ ಮನೆಗಳ ಕತೆ.

ಕೆಲಸ ಹಂಚುವಾಗ "ಸಹಾಯ ಮಾಡುತ್ತೇನೆ" ಎಂಬ ಮಾತು ಬೇಡ. ಒಂದು ಕೆಲಸ ಒಬ್ಬರದ್ದು, ಆರಂಭದಿಂದ ಕೊನೆಯವರೆಗೆ. ನಮ್ಮಲ್ಲಿ ಶಾಲೆಯ ವಿಷಯವೆಲ್ಲ ಯಜಮಾನರದ್ದು: ಫೀಸು, ಸಭೆ, ರಿಕ್ಷಾದವರ ಲೆಕ್ಕ, ಪ್ರಾಜೆಕ್ಟಿಗೆ ಬೇಕಾದ ಬಣ್ಣದ ಕಾಗದ. ನಾನು ನೆನಪಿಸುವುದಿಲ್ಲ. ಮೊದಲ ತಿಂಗಳು ಎರಡು ಸಲ ತಪ್ಪಿತು, ಆಮೇಲೆ ತಪ್ಪಲಿಲ್ಲ.

ಮಕ್ಕಳು ಅಂಗಡಿಯಲ್ಲಿ ಕೈಜೋಡಿಸಬಹುದೇ? 2016ರ ಬಾಲಕಾರ್ಮಿಕ ಕಾಯ್ದೆ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳು ಅಪಾಯವಿಲ್ಲದ ಕುಟುಂಬದ ಉದ್ಯೋಗದಲ್ಲಿ ಶಾಲೆಯ ಹೊತ್ತಿನ ಹೊರಗೆ, ರಜೆಯಲ್ಲಿ ನೆರವಾಗಬಹುದು. ಬಿಲ್ಲು ಕೂಡಿಸುವುದು, ಪೊಟ್ಟಣ ಕಟ್ಟುವುದು ಸರಿ. ಎಣ್ಣೆ ಬಾಣಲೆ, ಗ್ಯಾಸಿನ ಹತ್ತಿರ ಬೇಡವೇ ಬೇಡ. ಮಗು ಹೋಂವರ್ಕನ್ನು ದಿನವೂ ಅಕ್ಕಿ ಮೂಟೆಯ ಮೇಲೆ ಕೂತು ಮಾಡುತ್ತಿದ್ದರೆ ಮೂರನೇ ಹಂತ ಇನ್ನೂ ಆಗಿಲ್ಲ ಎಂದರ್ಥ.

ಹಂತ 6: ವರ್ಷದ ಕ್ಯಾಲೆಂಡರ್ ತುಂಬಿ

ಏಪ್ರಿಲಿನಲ್ಲಿ ಒಮ್ಮೆ ಕೂತು ಮೂರು ಬಣ್ಣದಲ್ಲಿ ತುಂಬಿ.

ಸರಕಾರದ ತಾರೀಕುಗಳು ಮೊದಲು. ಜಿಎಸ್‌ಟಿಯ ಕಾಂಪೊಸಿಷನ್ ಯೋಜನೆಯಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಯೋಜನೆ) ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ತಿಂಗಳ 18ರೊಳಗೆ ಹಿಂದಿನ ಮೂರು ತಿಂಗಳ ತೆರಿಗೆ ಕಟ್ಟಬೇಕು. ತಿಂಗಳು ತಿಂಗಳು ಜಿಎಸ್‌ಟಿ ಲೆಕ್ಕ ಸಲ್ಲಿಸುವವರಿಗೆ 11 ಮತ್ತು 20ನೇ ತಾರೀಕು. ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸುವ ಸಣ್ಣ ವ್ಯಾಪಾರಿಗಳ ಮುಂಗಡ ಆದಾಯ ತೆರಿಗೆಗೆ ಮಾರ್ಚ್ 15. ಕಾಗದಪತ್ರ ಲೆಕ್ಕಿಗರ ಕೈ ಸೇರುವ ದಿನವನ್ನು ಇವಕ್ಕೆ ಒಂದು ವಾರ ಮೊದಲೇ ಗುರುತಿಸಿ. ಹತ್ತನೆಯ, ಹನ್ನೆರಡನೆಯ ತರಗತಿಯ ಬೋರ್ಡ್ ಪರೀಕ್ಷೆಗಳು ಫೆಬ್ರವರಿ, ಮಾರ್ಚಿನಲ್ಲಿಯೇ ಬರುವುದರಿಂದ ಆ ವರ್ಷ ತೆರಿಗೆಯ ಕೆಲಸವನ್ನು ಜನವರಿಗೇ ಮುಗಿಸಿಕೊಳ್ಳಿ.

ಎರಡನೇ ಬಣ್ಣ ಮಕ್ಕಳದ್ದು, ಹಿರಿಯರ ಆಸ್ಪತ್ರೆಯದ್ದು.

ಮೂರನೆಯದು ಊರು. ಮೇ ತಿಂಗಳ ಮದುವೆ, ಭೂತದ ನೇಮ, ಗೃಹಪ್ರವೇಶ ಎಲ್ಲಕ್ಕೂ ಹೋಗಲಾಗದು. ವರ್ಷಕ್ಕೆ ಎರಡು ಸಲ ಎಂದು ನಿರ್ಧರಿಸಿ, ಯಾವ ಎರಡು ಎಂಬುದನ್ನು ಊರಿನವರಿಗೆ ಮೊದಲೇ ತಿಳಿಸಿ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಹೊರಡುವ ದಿನದಿಂದ 60 ದಿನ ಹಿಂದಕ್ಕೆ ಎಣಿಸಿ, ಆ ಬೆಳಗಿನ ಎಂಟು ಗಂಟೆಯನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಆನ್‌ಲೈನ್ ಬುಕಿಂಗ್ ತೆರೆದ ಮೊದಲ ಅವಧಿಯಲ್ಲಿ ಆಧಾರ್ ದೃಢೀಕರಣ ಆದ ಖಾತೆಗಳಿಗೆ ಮಾತ್ರ ಅವಕಾಶ ಇರುವುದರಿಂದ ಅದನ್ನು ಮೊದಲೇ ಮಾಡಿಟ್ಟುಕೊಳ್ಳಿ. ಬೆಳಿಗ್ಗೆ ಎಂಟೆಂದರೆ ತಿಂಡಿ ಅಂಗಡಿಯ ಉಸಿರುಗಟ್ಟುವ ಹೊತ್ತು. ಮಂಗಳೂರಿಗೆ ಹೋಗುವ ಮತ್ಸ್ಯಗಂಧ ರೈಲಿನ ಟಿಕೆಟು ನಮಗೆ ತಪ್ಪುತ್ತಿದ್ದುದು ಅದಕ್ಕೇ. ಈಗ ಆ ಒಂದು ದಿನ ಗಲ್ಲಾದಲ್ಲಿ ಬೇರೆಯವರು ಕೂರುತ್ತಾರೆ.

ಹಂತ 7: ಕೆಟ್ಟ ದಿನಕ್ಕೆ ಸಿದ್ಧತೆ

ಒಂದು ಮಳೆಗಾಲದಲ್ಲಿ ಯಜಮಾನರು ಡೆಂಗಿ ಬಂದು ಎಂಟು ದಿನ ಆಸ್ಪತ್ರೆಯಲ್ಲಿದ್ದರು. ಅಂಗಡಿಯ ಖಾತೆ ಅವರೊಬ್ಬರ ಹೆಸರಿನಲ್ಲಿತ್ತು. ಖಾತೆಯಲ್ಲಿ ಹಣವಿದೆ, ತೆಗೆಯಲು ನನಗೆ ಅಧಿಕಾರವಿಲ್ಲ. ಒಟಿಪಿ ಬರುವ ಮೊಬೈಲಿನ ಗುಪ್ತಸಂಖ್ಯೆ ನನಗೆ ತಿಳಿಯದು, ಅವರು ಜ್ವರದ ಅಮಲಿನಲ್ಲಿದ್ದಾರೆ. ಆಸ್ಪತ್ರೆಯ ಮುಂಗಡ ಕಟ್ಟಲು ಪಕ್ಕದ ಅಂಗಡಿಯವರ ಬಳಿ ಕೈಚಾಚಿದೆ. ಆ ರಾತ್ರಿ ನನಗಾದ ಹೆದರಿಕೆ ಬೇರೆ ಯಾವ ಮನೆಗೂ ಬರಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಒಬ್ಬರ ಮಾಲೀಕತ್ವದ ಅಂಗಡಿಯಾದರೆ ಬ್ಯಾಂಕಿಗೆ ಹೋಗಿ, ಖಾತೆ ನಡೆಸುವ ಅಧಿಕಾರವನ್ನು ಹೆಂಡತಿಗೆ ಅಥವಾ ಗಂಡನಿಗೆ ಬರೆದುಕೊಡಿ. ನಾಮಿನಿ ಹೆಸರೂ ನಮೂದಾಗಲಿ. ಇವೆರಡೂ ಬೇರೆ ಬೇರೆ ಎಂಬುದು ನೆನಪಿರಲಿ: ನಾಮಿನಿಗೆ ಹಣ ಸಿಗುವುದು ಖಾತೆದಾರರು ತೀರಿಕೊಂಡ ಮೇಲೆ, ಕಾಯಿಲೆಯ ದಿನ ಕೈಹಿಡಿಯುವುದು ಅಧಿಕಾರಪತ್ರ. ಮೆಡಿಕ್ಲೇಮ್ (ಆರೋಗ್ಯ ವಿಮೆ) ಕಂತು ಅಂಗಡಿಯ ಬಾಡಿಗೆಯಷ್ಟೇ ತಪ್ಪದ ಖರ್ಚಾಗಲಿ. ಎರಡು ತಿಂಗಳ ಬಾಡಿಗೆ, ಸಂಬಳಕ್ಕೆ ಆಗುವಷ್ಟು ಹಣ ಮುಟ್ಟದೆ ಬದಿಗಿಡಿ. ಎರಡನೇ ನೋಟುಪುಸ್ತಕದಲ್ಲಿ ಮಾಲಿನವರ ನಂಬರು, ಯಾರಿಗೆ ಎಷ್ಟು ಬಾಕಿ, ಗ್ಯಾಸಿನ ಗ್ರಾಹಕ ಸಂಖ್ಯೆ, ಅಂಗಡಿಯ ಕರಾರುಪತ್ರ ಮುಗಿಯುವ ತಾರೀಕು, ಇಡ್ಲಿ ಹಿಟ್ಟಿನ ಅಳತೆ ಎಲ್ಲವನ್ನೂ ಬರೆದಿಡಿ.

ಮಳೆಯ ದಿನಕ್ಕೆ ಬೇರೆಯೇ ವ್ಯವಸ್ಥೆ ಬೇಕು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಲೋಕಲ್‌ಗಳು ನಿಂತಾಗ ಲಕ್ಷಾಂತರ ಜನ ಇದ್ದಲ್ಲೇ ಸಿಕ್ಕಿಬಿದ್ದರು. ಗಂಡ ಮಾಲಿಗೆಂದು ವಾಶಿಯ ಎಪಿಎಂಸಿ ಸಗಟು ಮಾರುಕಟ್ಟೆಗೆ ಹೋಗಿರುವಾಗ ರೈಲು ನಿಂತರೆ ಮಕ್ಕಳನ್ನು ಶಾಲೆಯಿಂದ ಯಾರು ತರುತ್ತಾರೆ, ಯಾರ ಮನೆಯಲ್ಲಿ ಇರಿಸುತ್ತಾರೆ? ಆ ನೆರೆಯವರ ಹೆಸರನ್ನು ಜೂನಿನಲ್ಲೇ ಶಾಲೆಗೆ ಬರೆದುಕೊಡಿ. ಜೋರು ಮಳೆಯ ದಿನ ಮೊದಲು ಅಂಗಡಿ ಮುಚ್ಚುವುದು, ಆಮೇಲೆ ಉಳಿದ ವಡೆ ಹಿಟ್ಟಿನ ಚಿಂತೆ.

ಹಳಿ ತಪ್ಪುತ್ತಿದೆ ಎಂಬುದರ ಗುರುತು

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ವಾರ ಎಲ್ಲ ಮೊದಲಿನಂತಾಗುತ್ತದೆ. ವಾರದ ಸಂಜೆ ಸತತ ಎರಡು ಸಲ ತಪ್ಪಿದರೆ, ತಿಂಗಳ ನಡುವೆ ಗಲ್ಲಾದಿಂದ ಮನೆಗೆ ಹಣ ಬಂದರೆ, ಗಂಡ ಹೆಂಡತಿಯ ನಡುವೆ ಮಾಲು ಬಾಕಿ ಬಿಟ್ಟು ಬೇರೆ ಮಾತೇ ಇಲ್ಲವಾದರೆ, ಮಗು ಏನಾದರೂ ಬೇಕೆಂದು ಕೇಳುವುದನ್ನೇ ಬಿಟ್ಟಿದ್ದರೆ ಎಚ್ಚರವಾಗಿ. ಕೊನೆಯದು ಬೇಗ ಕಣ್ಣಿಗೆ ಬೀಳುವುದಿಲ್ಲ. ಮಗು ಜಾಣವಾಗಿದೆ, ಹಟ ಮಾಡುವುದಿಲ್ಲ ಎಂದು ನಾವು ಸಂತೋಷಪಡುತ್ತಿರುತ್ತೇವೆ.

ಅಂಥ ವಾರ ಬಂದಾಗ ಹೊಸ ನಿಯಮ ಸೇರಿಸಬೇಡಿ, ರಜೆಯನ್ನೂ ಹೆಚ್ಚಿಸಬೇಡಿ. ಮೊದಲ ನೋಟುಪುಸ್ತಕ ತೆಗೆದು ಏಳು ದಿನ ಮತ್ತೆ ಗಂಟೆ ಬರೆಯಿರಿ, ಹಳೆಯ ಪುಟದ ಪಕ್ಕದಲ್ಲಿಟ್ಟು ಯಾರ ಗಂಟೆ ಏರಿದೆ ಎಂದು ನೋಡಿ. ಏರಿದವರ ಕೈಯಿಂದ ಯಾವ ಕೆಲಸವನ್ನು ತೆಗೆಯಬೇಕು ಎಂಬುದು ಆ ಪುಟದಲ್ಲೇ ಇರುತ್ತದೆ.